ಅವಳ್ಗೆ ಬುಡು

ಹಗ್ಗ ಕಂಡ ಕೂಡಲೇ ಹೊಂಬಾಳಮ್ಮ ಪಕ್ಕಕ್ಕೆ ತಿರುಗಿ ಉಗಿದಳು.

"ಏನ್ ಮೇಡಮ್ಮೋರೆ ಇದು? ಕಣದಲ್ಲಿ ದನ ಕಟ್ದಂಗೆ ನಮ್ನ ಕಟ್ಟೀರಾ? ಉಲ್ಲೂ ತಂದಿದ್ದೀರಾ, ಇಲ್ಲ ಬರೀ ಅಗ್ಗವಾ?"

ಹಿಂದೆ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ಕೇಳಿಸದವಳಂತೆ ಹಗ್ಗದ ಸುರುಳಿ ಬಿಚ್ಚಿದೆ. ಹಿಂದಿನ ಸಾಲಿನಲ್ಲಿ ಆಡುವ ನಾಲ್ವರ ಸೊಂಟಕ್ಕೆ, ನಡುನಡುವೆ ಎರಡು ಮಾರು ಬಿಟ್ಟು, ಸುತ್ತಿ ಗಂಟು ಹಾಕಿದೆ. ಹೊಂಬಾಳಮ್ಮನ ಗಂಟು ಹಾಕುವಾಗ ಅವಳು ಉಸಿರು ಬಿಗಿಹಿಡಿದು ಆಕಾಶ ನೋಡುತ್ತಿದ್ದಳು. ಕಿರುಗಾವಲು ಕಡೆಯ ದೊಡ್ಡ ಜಮೀನಿನ ಮನೆಯ ಹುಡುಗಿ. ಅವಳನ್ನು ಯಾರೂ ಮೈಮುಟ್ಟಿ ಇಲ್ಲಿ ನಿಲ್ಲು, ಅಲ್ಲಿ ನಿಲ್ಲು ಎಂದಿರಲಾರರು. ತಂಡಕ್ಕೆ ಅವಳೇ ಕ್ಯಾಪ್ಟನ್. ನಾನು ಮಾಡಿದ್ದಲ್ಲ, ಹುಡುಗಿಯರೇ ಆರಿಸಿಕೊಂಡಿದ್ದು.

ಅದು ಎಪ್ಪತ್ತೇಳನೆಯ ಇಸವಿ. ಬೆಂಗಳೂರಿನಲ್ಲಿ ಹುಡುಗಿಯರು ಫುಟ್‌ಬಾಲ್ ಆಡುವ ಚಿತ್ರವನ್ನು ಪೇಪರಿನಲ್ಲಿ ನೋಡಿ, ಮಳವಳ್ಳಿಯ ನಮ್ಮ ಖಾಸಗಿ ಕಾಲೇಜಿನ ಕಾರ್ಯದರ್ಶಿ ಚಿಕ್ಕಬೋರಯ್ಯನವರು ನಮ್ಮಲ್ಲೂ ಒಂದು ತಂಡ ಇರಲಿ ಎಂದಿದ್ದರು. ಅದಕ್ಕೆಂದೇ ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದು. ನಾನು ಮದರಾಸಿನಲ್ಲಿ ದೈಹಿಕ ಶಿಕ್ಷಣ ಓದಿದ್ದೆ. ಅಪ್ಪ ಹೋದ ಮೇಲೆ ಅಮ್ಮನ ಜೊತೆ ಮಳವಳ್ಳಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆ. ಕೆಲಸ ಕಾಯಂ ಆದರೆ ಉಳಿಯುವುದು, ಇಲ್ಲವಾದರೆ ಮಂಡ್ಯದ ಅಕ್ಕನ ಮನೆಗೆ ಹೋಗಿ ಅವಳ ಅತ್ತೆಯ ಕಣ್ಣೆದುರು ಊಟ ಮಾಡುವುದು. ನನ್ನ ಮುಂದೆ ಇದ್ದದ್ದು ಇಷ್ಟೇ.

ಮೊದಲ ಪಂದ್ಯ ಬ್ಲಫ್ ಎಂಬ ವಿದ್ಯುತ್ ಕೇಂದ್ರದ ಊರಿನಲ್ಲಿ ಆಗಿತ್ತು. ಅಲ್ಲಿನ ಕರೆಂಟು ನೌಕರರ ಹೆಣ್ಣುಮಕ್ಕಳು ಕ್ವಾರ್ಟರ್ಸಿನ ಮೈದಾನದಲ್ಲಿ ಅಣ್ಣತಮ್ಮಂದಿರ ಜೊತೆ ಆಡಿ ಬೆಳೆದವರು. ಅವರ ಕಾಲಿಗೆ ಬೂಟು, ನಮ್ಮವರದು ಬರಿಗಾಲು. ಆದರೆ ಸೋತದ್ದು ಬೂಟಿಗಲ್ಲ. ಚೆಂಡು ಎತ್ತ ಹೋದರೆ ಅತ್ತ ಹನ್ನೊಂದು ಜನವೂ ಕೋಳಿ ಹಿಡಿಯುವವರಂತೆ ಓಡಿದರು. ಏಳು ಗೋಲು ಬಿದ್ದವು. ಹಿಂತಿರುಗಿದ ಮೇಲೆ ಚಿಕ್ಕಬೋರಯ್ಯನವರು ನನ್ನನ್ನು ಕರೆಸಿದರು.

"ನೋಡ್ರಮ್ಮ, ಮುಂದಿನ್ ಮ್ಯಾಚು ಮದ್ದೂರ್ನಾಗೆ. ಅಲ್ಲೂ ಇಂಗೇ ಮಾನ ಕಳದ್ರೆ ಬ್ಯಾಡ ಬುಡಿ. ತಂಡ ನಿಂತ್ರೆ ನಿಮ್ ಕೆಲ್ಸಾನೂ ನಿಂತಂಗೆ."

ಮನೆಗೆ ಬಂದು ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಿಂತರೆ ಎಂದರೆ ಉಳಿದುಕೊಂಡರೆ ಎಂದೋ, ನಿಂತುಹೋದರೆ ಎಂದೋ? ತಂಡ ಉಳಿದರೆ ಕೆಲಸ ಉಳಿಯುತ್ತದೆ. ತಂಡ ನಿಂತುಹೋದರೆ ಕೆಲಸವೂ ನಿಂತುಹೋಗುತ್ತದೆ. ಹೇಗೆ ಹಿಡಿದರೂ ಒಂದೇ ಎಂದು ಸಮಾಧಾನ ಮಾಡಿಕೊಂಡೆ. ಮಾತನ್ನು ಹೀಗೆ ಎರಡೂ ಮಗ್ಗುಲಿಗೆ ಹೊರಳಿಸಿ ನೋಡುವುದು ನನ್ನ ಚಾಳಿ. ಮೈದಾನದಲ್ಲೂ ಹಾಗೆಯೇ. ಬೇರೆಯವರಿಗೆ ಚೆಂಡು ಕಾಣುತ್ತದೆ. ನನಗೆ ಮೊದಲು ಖಾಲಿ ಜಾಗ ಕಾಣುತ್ತದೆ. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಹಾಸಿಗೆಯಿಂದ ಎದ್ದು ನೋಡುವವಳಿಗೆ ಈ ವಿದ್ಯೆ ಸುಲಭವಾಗಿ ಹತ್ತುತ್ತದೆ.

"ಮೈದಾನ ದೊಡ್ಡದು," ಎಂದು ಹುಡುಗಿಯರಿಗೆ ಹೇಳಿದೆ. "ಪೂರ್ತಿ ಕಾಯುವುದಕ್ಕೆ ನಮ್ಮಿಂದ ಆಗುವುದಿಲ್ಲ. ಚೆಂಡು ಇರುವ ಕಡೆಯಷ್ಟೇ ಕಾಯೋಣ. ಚೆಂಡು ಗೆರೆಯ ಹತ್ತಿರ ಹೋದರೆ ಅಲ್ಲಿರುವವಳು ಮೇಲೆ ಬೀಳಬೇಕು, ಉಳಿದವರು ಅವಳ ಬೆನ್ನಿಗೆ ಒತ್ತಾಗಿ ಬರಬೇಕು. ಒಬ್ಬಳೇ ಯಾವತ್ತೂ ಮುತ್ತಲು ಹೋಗಬಾರದು. ಚೆಂಡು ಸಿಗುವುದಿಲ್ಲ ಎಂದು ಕಂಡರೆ ಅದನ್ನು ಅವರಿಗೇ ಬಿಟ್ಟು ಎಲ್ಲರೂ ಒಟ್ಟಿಗೆ ಹಿಂದಕ್ಕೆ ಸರಿಯಿರಿ. ಒಬ್ಬಳು ಸಾಲು ಬಿಟ್ಟರೆ ಆ ಜಾಗಕ್ಕೆ ಇಬ್ಬರು ಮುಚ್ಚಿಕೊಳ್ಳಬೇಕು."

"ಅಂದ್ರೆ ಎದ್ರುಕೊಂಡು ಇಂದಕ್ಕೆ ಓಡದು," ಎಂದಳು ಹೊಂಬಾಳಮ್ಮ.

"ಹೆದರಿಕೆ ಅಲ್ಲ."

"ಮತ್ತೇನು? ನಮ್ ಗದ್ದೆ ಒಳಕ್ಕೆ ದನ ನುಗ್ಗುದ್ರೆ ನಾವು ಇಂದಕ್ಕೆ ಸರಿಯಾಕಿಲ್ಲ ಮೇಡಮ್ಮೋರೆ. ಕೋಲ್ ಎತ್ಕತೀವಿ."

ಹಗ್ಗ ಕಟ್ಟಿಕೊಂಡು ಓಡಿದರು, ಬಿದ್ದರು, ಒಬ್ಬಳಿಗೊಬ್ಬಳು ಬೈದುಕೊಂಡರು. "ಲೇ, ಎಳೀಬ್ಯಾಡ ಕಣಮ್ಮಿ, ನನ್ ಸೊಂಟ ಮುರೀತಾಯ್ತೆ!" ಅಣ್ಣಂದಿರ ಚಡ್ಡಿಯ ಒಳಗೆ ಪೈಜಾಮ ತೊಟ್ಟ ಕಾಲುಗಳು ಕೆಂಪು ದೂಳಿನಲ್ಲಿ ತೊಡರಿದವು. ಗೋಡೆಯ ಮೇಲೆ ಕೂತ ಗಂಡುಹುಡುಗರು ದನ ಅಟ್ಟುವ ಸದ್ದು ಮಾಡಿದರು. ಸಂಜೆ ಗಂಟು ಬಿಚ್ಚುವಾಗ ಹೊಂಬಾಳಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ಆದರೂ ಎರಡನೆಯ ವಾರಕ್ಕೆ ಹಗ್ಗ ಸಡಿಲವಾಗಿ ನೇತಾಡತೊಡಗಿತು. ಒಬ್ಬಳು ಸರಿದರೆ ಉಳಿದವರೂ ತಾವಾಗಿ ಸರಿಯುತ್ತಿದ್ದರು.

ತೊಡಕಾದದ್ದು ನನ್ನ ಮಾತು. ನಾನು ಗೆರೆಯ ಆಚೆಯಿಂದ "ಎಲ್ಲರೂ ಹಿಂದಕ್ಕೆ ಸರಿಯಿರಿ" ಎಂದು ಕೂಗುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತಿತ್ತು.

"ಅಷ್ಟುದ್ದ ಯೋಳೋವೊತ್ಗೆ ಬಾಲು ಗೋಲೊಳಗೆ ನಿದ್ದೆ ಒಡೀತಿರ್ತದೆ," ಎಂದಳು ಹೊಂಬಾಳಮ್ಮ.

ಚಿಕ್ಕ ಮಾತು ಬೇಕಾಯಿತು. ಮೇಲೆ ಬೀಳುವುದಕ್ಕೆ 'ಮುತ್ತು' ಎಂದೆ. ಗೋಲು ಕಾಯುವ ಮಾಯಮ್ಮ ಬಾಯಿಗೆ ಕೈ ಹಿಡಿದುಕೊಂಡು, "ಯಾರ್ಗೆ ಮೇಡಂ ಕೊಡದು?" ಎಂದಳು. ಆ ದಿನ ಮತ್ತೆ ಅಭ್ಯಾಸವೇ ಆಗಲಿಲ್ಲ. ಕಡೆಗೆ 'ಮುತ್ಕೊ' ಎಂದು ಮಾಡಿಕೊಂಡೆವು. ಹಿಂದಕ್ಕೆ ಸರಿಯಲು 'ಬಿಡು' ಎಂದೆ. ಅದನ್ನೂ ಅವರು ನನ್ನ ಹಾಗೆ ಹೇಳಿ ಅಣಕಿಸಿದರು, ತುಟಿಯನ್ನು ಅಗಲ ಮಾಡಿ, ಹಲ್ಲು ತೋರಿಸಿ, "ಬಿ...ಡು" ಎಂದು. ಆಮೇಲೆ ನಾನೂ 'ಬುಡು' ಎನ್ನತೊಡಗಿದೆ. ಅವರ ಮಾತು ಆಡಿದರೆ ನನ್ನನ್ನು ಸ್ವಲ್ಪ ಕಡಿಮೆ ದ್ವೇಷಿಸಬಹುದು ಎಂಬ ಆಸೆಯೂ ಇತ್ತು.

ಮನೆಯಲ್ಲಿ ಅಮ್ಮ ಕೇಳಿಸಿಕೊಂಡು, "ಇದೇನೇ ಆಂಡಾಳ್, ಬುಡು ಗಿಡು ಅಂತ ಬಾಯಿ ಕೆಡಿಸ್ಕೋತಿದ್ದೀಯ," ಎಂದಳು.

ಮದ್ದೂರಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿನ ಯುವತಿಯರ ಸಂಘಕ್ಕೆ ಯೋಗಾನರಸಿಂಹಯ್ಯ ಎಂಬ ವಕೀಲರು ಅಧ್ಯಕ್ಷರು. ಅವರ ಮಗಳು ಪಂಕಜ ಸಂಘದ ಮುಂದಿನ ಸಾಲಿನ ಆಟಗಾರ್ತಿ, ಚಿಗರೆಯಂತೆ ಓಡುವ ಹುಡುಗಿ. ನನ್ನ ಹೆಸರು ಕೇಳಿದ ವಕೀಲರು, "ಮೇಲುಕೋಟೆಯ ಕಡೆಯವರೇನಮ್ಮ? ನಿಮ್ಮ ತಂದೆ ಯಾರು?" ಎಂದರು. ಹೇಳಿದೆ. ಅವರಿಗೆ ಅಪ್ಪನ ಪರಿಚಯವಿತ್ತು. ನನ್ನನ್ನು ಪೆಂಡಾಲಿನೊಳಗೆ ಕರೆದು ಕುರ್ಚಿ ಹಾಕಿಸಿ, ಮನೆಯಿಂದ ಬಂದ ಫ್ಲಾಸ್ಕಿನ ಕಾಫಿ ಕೊಟ್ಟರು. ಪಂಕಜ ಬಂದು ನಮಸ್ಕಾರ ಮಾಡಿದಳು. ನಾನು ಲೋಟ ಹಿಡಿದು ತಿರುಗಿದಾಗ ನಮ್ಮ ಹುಡುಗಿಯರು ಬಿಸಿಲಿನಲ್ಲಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಕಾಫಿ ಅರ್ಧಕ್ಕೇ ಬಿಟ್ಟೆ. ಎದ್ದು ಹೊರಗೆ ಬಂದೆ.

"ಕುಡೀರಿ ಮೇಡಮ್ಮೋರೆ, ಕುಡೀರಿ," ಎಂದಳು ಹೊಂಬಾಳಮ್ಮ. "ನಿಮ್ಮೋರ್ ಮನೇದು."

ಜನ ಸುತ್ತಲೂ ಕಿಕ್ಕಿರಿದಿದ್ದರು. ಆಟ ನೋಡಲು ಬಂದವರು ಕಡಿಮೆ, ಕಾಲು ನೋಡಲು ಬಂದವರು ಹೆಚ್ಚು. "ಮಳವಳ್ಳಿ ಎಮ್ಮೆಗಳು ಬಂದೋ!" ಎಂದು ಒಬ್ಬ ಕೂಗಿದ. ನಮ್ಮವರು ತಿರುಗಿ ನೋಡಲಿಲ್ಲ. ಆಟ ಶುರುವಾದ ಮೇಲೆ ಕೂಗು ತಾನಾಗಿ ಕಡಿಮೆಯಾಯಿತು. ಮದ್ದೂರಿನವರು ಎಡಕ್ಕೆ ಬಂದರೆ ನಮ್ಮವರೆಲ್ಲ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. "ಮುತ್ಕೊ" ಎಂದರೆ ಮೂವರು ಮೇಲೆ ಬಿದ್ದು ಚೆಂಡು ಕಿತ್ತರು. "ಬುಡು" ಎಂದರೆ ಬಾಗಿಲು ಹಾಕಿಕೊಂಡಂತೆ ಎಲ್ಲರೂ ಹಿಂದೆ ಬಂದರು. ಪಂಕಜ ಬಂದು ಬಂದು ಈ ಗೋಡೆಗೆ ಬಡಿದು ಹಿಂದಿರುಗುತ್ತಿದ್ದಳು. ಅವಳಿಗೆ ಅಳು ಬರುವಷ್ಟು ಕೋಪ ಬಂದಿತ್ತು. ಒಂದು ಸಲ ಹೊಂಬಾಳಮ್ಮನ ಕಾಲು ತುಳಿದು, "ಹಳ್ಳಿ ಗುಗ್ಗು," ಎಂದಳು. ಬೂಟಿನ ತುಳಿತ, ಬರಿಗಾಲು. ನನಗೆ ಕೇಳಿಸಿತು.

ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂದಿತ್ತು. ಅಷ್ಟಾದರೆ ನನಗೆ ಸಾಕಾಗಿತ್ತು. ಆಗ ಪಂಕಜ ಮತ್ತೆ ಚೆಂಡು ತೆಗೆದುಕೊಂಡು ಗೆರೆಯ ಪಕ್ಕ ಬಂದಳು. ಹೊಂಬಾಳಮ್ಮ ಸಾಲು ಬಿಟ್ಟು ಒಬ್ಬಳೇ ಅವಳ ಮೇಲೆ ಹೊರಟಳು. ಅವಳ ಹಿಂದೆ ಅಗಲವಾದ ಖಾಲಿ ಜಾಗ ತೆರೆದುಕೊಂಡಿತು. ನಾನು ಗೆರೆಯ ಅಂಚಿಗೆ ಓಡಿದೆ. "ಬುಡು" ಎಂದು ಕೂಗಿದೆ. ನಿಲ್ಲಲಿಲ್ಲ. ಮತ್ತೆ "ಬುಡು!" ಕೇಳಲಿಲ್ಲವೋ ಏನೋ ಎಂದು, ಚೆಂಡನ್ನು ಅವಳಿಗೆ ಬಿಟ್ಟು ನೀನು ಹಿಂದೆ ಬಾ ಎಂಬ ಅರ್ಥ ಬರಲೆಂದು, ಇನ್ನೂ ಒಂದು ಮಾತು ಸೇರಿಸಿದೆ:

"ಹೊಂಬಾಳಮ್ಮ, ಅವಳ್ಗೆ ಬುಡು! ಅವಳ್ಗೆ ಬುಡು!"

ಹೊಂಬಾಳಮ್ಮ ಒಂದು ಕ್ಷಣ ನನ್ನ ಕಡೆ ತಿರುಗಿದಳು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ತಿರುಗಿ ಮೊಣಕೈ ಎತ್ತಿ ಪಂಕಜಳ ಬಾಯಿಗೆ ಬಿಟ್ಟಳು.

ಪಂಕಜ ಕುಕ್ಕರಿಸಿ ಕೂತಳು. ಬೆರಳ ಸಂದಿಯಿಂದ ರಕ್ತ ಬಂತು. ಮುಂದಿನ ಹಲ್ಲು ಮುರಿದಿತ್ತು. "ಒಡಿ ಅಂತ ಅವ್ಳೇ ಕೂಗಿದ್ಲು ಕಣ್ರೋ, ಆ ಮೇಡಮ್ಮು! ನಾನೇ ಕೇಳಿಸ್ಕಂಡೆ!" ಎಂದು ನನ್ನ ಹಿಂದೆ ನಿಂತಿದ್ದ ಒಬ್ಬ ಅರಚಿದ. ಆಗ ನನಗೆ ಹೊಳೆಯಿತು. ಈ ಸೀಮೆಯಲ್ಲಿ 'ಅವಳ್ನ ಬುಡು' ಎಂದರೆ ಬಿಟ್ಟುಬಿಡು. 'ಅವಳ್ಗೆ ಬುಡು' ಎಂದರೆ ಅವಳಿಗೆ ಒಂದೇಟು ಕೊಡು. ಎಷ್ಟೋ ಬೀದಿಜಗಳದಲ್ಲಿ ಕೇಳಿದ್ದೆ. ನನ್ನ ನಾಲಿಗೆ ಅವರ ಮಾತು ಕಲಿತಿತ್ತು, ಅವರ ವಿಭಕ್ತಿ ಕಲಿತಿರಲಿಲ್ಲ.

ಕಲ್ಲು ಬೀಳುವ ಮೊದಲು ಬಸ್ಸು ಹತ್ತಿದೆವು. ಹುಡುಗಿಯರು ಹಿಂದಿನ ಸೀಟುಗಳಲ್ಲಿ ಒತ್ತಾಗಿ ಕೂತರು. ಮಾಯಮ್ಮ ಮಾತ್ರ ನನ್ನ ಸೀಟಿನ ಹಿಂದೆ ಬಗ್ಗಿ, "ಬಾಲ್ ಬುಡು ಅಂದ್ರಿ ಅಂತ ನಂಗೊತ್ತು ಮೇಡಂ," ಎಂದು ಮೆಲ್ಲಗೆ ಹೇಳಿದಳು. ಆಮೇಲೆ ತನ್ನ ಜಾಗಕ್ಕೆ ಸರಿದು ಕೂತಳು.

ವಕೀಲರು ಸುಮ್ಮನಿರಲಿಲ್ಲ. ಪೊಲೀಸಿಗೆ ಕೊಡುತ್ತೇನೆ ಎಂದರು. ಹೊಡೆದ ಹುಡುಗಿ ಕಾಲೇಜಿನಿಂದ ಹೋಗಬೇಕು, ಹೊಡೆಯಲು ಹೇಳಿದವರಿದ್ದರೆ ಅವರು ಹೋಗಬೇಕು, ಇಬ್ಬರಲ್ಲಿ ಒಬ್ಬರಂತೂ ಹೋಗಲೇಬೇಕು ಎಂದರು. ಚಿಕ್ಕಬೋರಯ್ಯನವರು ಶನಿವಾರ ವಿಚಾರಣೆ ಇಟ್ಟರು. ಶುಕ್ರವಾರ ಸಂಜೆ ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಹೊಂಬಾಳಮ್ಮ ಕಿರುಗಾವಲಿನ ಬಸ್ಸಿಗೆ ಕಾಯುತ್ತ ಕಂಬಕ್ಕೆ ಒರಗಿ ನಿಂತಿದ್ದಳು.

"ನಾನು ಹೊಡಿ ಎನ್ನಲಿಲ್ಲ," ಎಂದೆ. "ಚೆಂಡು ಬಿಟ್ಟು ಹಿಂದೆ ಬಾ ಎಂದೆ. ನಾಳೆ ಅಷ್ಟು ಹೇಳು. ನೀನು ತಪ್ಪಾಗಿ ತಿಳಿದುಕೊಂಡೆ ಎಂದರೆ ಇಬ್ಬರೂ ಉಳಿದುಕೊಳ್ಳುತ್ತೇವೆ."

"ನಾನು ತೆಪ್ಪು ತಿಳ್ಕಂಡಿಲ್ಲ."

"ಅಂದರೆ?"

"ನೀವೇನಂದ್ರಿ ಅಂತ ಸರ್ಯಾಗೇ ತಿಳೀತು. ಅದ್ಕೇ ಒಡ್ದೆ." ಅವಳು ಮೊದಲ ಸಲ ನನ್ನ ಕಣ್ಣು ನೋಡಿ ಮಾತಾಡಿದಳು. "ಎರಡು ವಾರ ನಮ್ನ ಅಗ್ಗ ಕಟ್ಟಿ ಮೇಯಿಸುದ್ರಿ. ಉಡುಗ್ರು ಉಗುದ್ರೂ ಕಟ್ಟಿಸ್ಕಂಡೊ. ನಿಮ್ಮೋರ್ ಉಡುಗಿ ನನ್ ಕಾಲ್ ತುಳಿದು ಗುಗ್ಗು ಅಂದ್ಲು. ನೀವು ಕೇಳಿಸ್ಕಂಡ್ರಿ. ಕೇಳಿಸ್ಕಂಡು ಅವಳ್ಗೆ ಬುಡು ಅಂದ್ರಿ. ಏನ್ ಬುಡಬೇಕಿತ್ತು? ಬಾಲಾ? ಕಾಲಾ?"

"ಅದು ಆಟ, ಹೊಂಬಾಳಮ್ಮ. ಅವಳು ಯಾರೇ ಆಗಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ."

"ಕಾಫಿ ಕುಡೀತಿದ್ರಾ, ಯಾರ್ ಮನೇದಾದ್ರೂ?"

ಬಸ್ಸು ಬಂತು. ಕಂಡಕ್ಟರು "ಬೇಗ ಅತ್ತಮ್ಮೋ" ಎಂದ. ಅವಳು ಹತ್ತಿ, ಕಿಟಕಿಯಿಂದ ನನ್ನನ್ನು ನೋಡದೆ ಮುಂದೆ ನೋಡಿಕೊಂಡು ಕೂತಳು.

ಶನಿವಾರ ಕಚೇರಿ ಕೋಣೆಯಲ್ಲಿ ವಕೀಲರು ಕೂತಿದ್ದರು. ಪಂಕಜ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಮದುವೆಯಾಗಬೇಕಾದ ಹುಡುಗಿ ಎಂದು ವಕೀಲರು ಆಗಲೇ ಎರಡು ಸಲ ಹೇಳಿದ್ದರು. ಚಿಕ್ಕಬೋರಯ್ಯನವರು ಬಾಗಿಲ ಕಡೆ ನೋಡಿ, "ಒಬ್ಬೊಬ್ಳೇ ಬನ್ನಿ," ಎಂದರು.

ಎಲ್ಲರೂ ಒಟ್ಟಿಗೆ ಬಂದರು.

"ಒಬ್ಬೊಬ್ಳೇ ಅಂದೆ ಕಣ್ರಮ್ಮೀ! ಕಿವಿ ಕೇಳಾಕಿಲ್ವಾ?"

ಯಾರೂ ಕದಲಲಿಲ್ಲ. ಗೋಡೆಯಿಂದ ಗೋಡೆಗೆ ಎರಡು ಸಾಲು. ಹೊಂಬಾಳಮ್ಮ ನಡುವೆ, ಸ್ವಲ್ಪ ಹಿಂದೆ. ಅವಳನ್ನು ಬೆರಳು ಮಾಡಿ ತೋರಿಸಬೇಕೆಂದರೆ ಬೇರೆಯವರ ಭುಜದ ಮೇಲಿಂದ ತೋರಿಸಬೇಕಾಗಿತ್ತು. ಚಿಕ್ಕಬೋರಯ್ಯನವರು ಸೋತು, "ಸರಿ, ಯೋಳಿ. ಏನ್ ನಡೀತು?" ಎಂದರು.

ಎಡತುದಿಯ ಹುಡುಗಿ ಹೇಳಿದಳು: "ಮೇಡಮ್ಮೋರು 'ಅವಳ್ಗೆ ಬುಡು' ಅಂದ್ರು."

ಬಲತುದಿಯವಳು ಹೇಳಿದಳು: "ಎಲ್ಡ್ ಸಲ ಅಂದ್ರು."

"ಹಾಗೆಂದರೇನು ಅರ್ಥ?" ಎಂದರು ವಕೀಲರು.

"ಅದ್ರರ್ಥ ನಂಗೊತ್ತು ಸ್ವಾಮಿ," ಎಂದರು ಚಿಕ್ಕಬೋರಯ್ಯ. "ಅಳ್ಳೀಲಿ ಅದ್ಕೆ ಒಂದೇ ಅರ್ಥ."

"ನಾನು ಚೆಂಡನ್ನು ಅವಳಿಗೆ ಬಿಡು ಎಂದು ಹೇಳಲು ಹೋಗಿ..." ಎಂದು ಆರಂಭಿಸಿದೆ. ಚತುರ್ಥಿ, ದ್ವಿತೀಯಾ ವಿಭಕ್ತಿ ಎಂದೆಲ್ಲ ವಿವರಿಸುವ ನನ್ನ ದನಿ ನನಗೇ ಕೇಳಿ, ನಡುವೆ ನಿಲ್ಲಿಸಿದೆ. ವಕೀಲರು ನನ್ನ ಅಪ್ಪನನ್ನು ಬಲ್ಲವರು. ತಲೆ ಆಡಿಸಿ, "ನಿಮಗೆ ಯಾಕಮ್ಮ ಬೇಕಿತ್ತು ಈ ಭಾಷೆ?" ಎಂದರು. ಆ ಮಾತಿಗೆ ಹುಡುಗಿಯರ ಸಾಲು ಇನ್ನೂ ಗಟ್ಟಿಯಾಯಿತು. ಅದು ನನಗೆ ಕಂಡಿತು.

ಒಂದು ಜಾಗ ಉಳಿದಿತ್ತು. ಎಷ್ಟೇ ಒತ್ತಾಗಿ ನಿಂತ ಸಾಲಿನಲ್ಲೂ ಒಂದು ಸಡಿಲ ಇರುತ್ತದೆ. ಅದು ಮಾಯಮ್ಮ. ಅವಳು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು.

"ಮಾಯಮ್ಮ," ಎಂದೆ, "ಬಸ್ಸಿನಲ್ಲಿ ನನಗೆ ಏನು ಹೇಳಿದೆ? ಅದನ್ನೇ ಇವರಿಗೂ ಹೇಳು."

ಮಾಯಮ್ಮ ತಲೆ ಎತ್ತಿದಳು. ತುಟಿ ತೆರೆಯಿತು. ಅವಳ ಎಡಬಲದ ಹುಡುಗಿಯರು ಒಂದು ಮಾತಿಲ್ಲದೆ, ಒಬ್ಬಳನ್ನೊಬ್ಬಳು ನೋಡದೆ, ಅರ್ಧ ಹೆಜ್ಜೆ ಒಳಗೆ ಸರಿದರು. ಭುಜಕ್ಕೆ ಭುಜ ತಗುಲಿತು. ಮಾಯಮ್ಮ ಅವರ ಹಿಂದಾದಳು. ಹಗ್ಗವಿರಲಿಲ್ಲ. ಇಷ್ಟು ಚೆನ್ನಾಗಿ ಅವರು ನನ್ನೆದುರು ಒಂದು ಸಲವೂ ಮಾಡಿರಲಿಲ್ಲ.

ಇನ್ನೊಮ್ಮೆ ಗಟ್ಟಿಯಾಗಿ ಕರೆದಿದ್ದರೆ ಮಾಯಮ್ಮ ಅತ್ತುಬಿಡುತ್ತಿದ್ದಳೇನೋ. ಆದರೆ ಒಬ್ಬಳೇ ಯಾವತ್ತೂ ಮುತ್ತಲು ಹೋಗಬಾರದು ಎಂದು ಹೇಳಿಕೊಟ್ಟವಳು ನಾನು. ಆ ಕೋಣೆಯಲ್ಲಿ ನಾನು ಒಬ್ಬಳೇ ಇದ್ದೆ.

"ಆ ಮಾತು ನಾನು ಅಂದದ್ದು ನಿಜ," ಎಂದೆ.

ಚಿಕ್ಕಬೋರಯ್ಯನವರು ಉಸಿರು ಬಿಟ್ಟರು. ಕಾಲೇಜಿಗೆ ಕಿರುಗಾವಲು ಕಡೆಯ ಜಮೀನುದಾರರಿಗಿಂತ ನನ್ನನ್ನು ಕಳೆದುಕೊಳ್ಳುವುದು ಸುಲಭವಿತ್ತು. ಹುಡುಗಿಯರು ಹೊರಟರು. ಬಾಗಿಲಲ್ಲಿ ಹೊಂಬಾಳಮ್ಮ ನನ್ನ ಪಕ್ಕದಲ್ಲೇ ಹಾದುಹೋದಳು. ಏನಾದರೂ ಅನ್ನಬಹುದು ಎಂದು ಕಾದೆ. ಅವಳು ಸೆರಗು ಸರಿಮಾಡಿಕೊಂಡು, "ದಾರಿ ಬುಡಿ," ಎಂದಳು.

ತಂಡ ನಿಂತಿತು. ನನ್ನ ಕೆಲಸವೂ ನಿಂತಿತು. ಚಿಕ್ಕಬೋರಯ್ಯನವರ ಮಾತಿನಲ್ಲಿ ಈ ಮೂರನೆಯ ಅರ್ಥವನ್ನು, ಒಂದು ಉಳಿದು ಇನ್ನೊಂದು ಹೋಗುವುದನ್ನು, ನಾನು ನೋಡಿರಲಿಲ್ಲ.

ಅಮ್ಮನನ್ನು ಕರೆದುಕೊಂಡು ಮಂಡ್ಯಕ್ಕೆ ಬಂದೆ. ಅಕ್ಕನ ಅತ್ತೆ ಅನ್ನ ಬಡಿಸುವಾಗ ಸೌಟಿನ ಸದ್ದು ಜೋರಾಗಿ ಮಾಡುತ್ತಿದ್ದರು. ಬೇಸಿಗೆಗೆ ಮುಂಚೆ ಮಂಡ್ಯದಲ್ಲಿ ಮಳವಳ್ಳಿ ತಂಡಕ್ಕೂ ಬ್ಲಫ್ ತಂಡಕ್ಕೂ ಪಂದ್ಯ ಎಂದು ತಿಳಿಯಿತು. ದೇವಸ್ಥಾನಕ್ಕೆ ಹೋಗುತ್ತೇನೆ ಎಂದು ಹೇಳಿ ಮೈದಾನಕ್ಕೆ ಹೋದೆ. ಹೆಂಗಸರ ಗುಂಪಿನ ಹಿಂದೆ, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತೆ. ಪೆಂಡಾಲಿನಲ್ಲಿ ಚಿಕ್ಕಬೋರಯ್ಯನವರು ಒಬ್ಬರೇ ಕೂತಿದ್ದರು. ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ.

ನಮ್ಮವರು, ಅಂದರೆ ಅವರು, ಅದೇ ಆಟ ಆಡುತ್ತಿದ್ದರು. ಬ್ಲಫ್‌ನ ಒಬ್ಬ ಹುಡುಗಿ ಚೆಂಡು ಹಿಡಿದು ಒಳಗೆ ನುಗ್ಗಿದಳು. ಹೊಂಬಾಳಮ್ಮ ಎದುರು ನಿಂತಳು. ಅವಳ ಹಿಂದಿನಿಂದ ಇಡೀ ತಂಡ ಒಂದೇ ಗಂಟಲಿನಲ್ಲಿ ಕೂಗಿತು:

"ಅವಳ್ಗೆ ಬುಡು!"

ಮದ್ದೂರಿನ ಹಲ್ಲಿನ ಕತೆ ಬ್ಲಫ್‌ಗೂ ಮುಟ್ಟಿತ್ತು. ಆ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೊಂಬಾಳಮ್ಮ ಅವಳನ್ನು ಮುಟ್ಟಲೂ ಇಲ್ಲ. ಬಗ್ಗಿ ಹೂವು ಎತ್ತಿಕೊಂಡಷ್ಟು ಸಲೀಸಾಗಿ ಚೆಂಡನ್ನು ಕಾಲಿನಲ್ಲಿ ಎಳೆದುಕೊಂಡು ಹೋದಳು. ಜನ ಬಿದ್ದು ಬಿದ್ದು ನಕ್ಕರು. ನನ್ನ ಮುಂದೆ ನಿಂತಿದ್ದ ಹೆಂಗಸು, "ಏನ್ ಜೋರು ಕಣವ್ವ ಈ ಮಳವಳ್ಳಿ ಎಣ್ಣೈಕ್ಳು," ಎಂದಳು.

ಆ ಕೂಗು ಆಮೇಲೆ ಎಷ್ಟೋ ಸಲ ಬಂತು. ಪ್ರತಿ ಸಲವೂ ನನ್ನ ಮೈ ಬಿಸಿಯಾಯಿತು.

ಕೊನೆಗೊಮ್ಮೆ ಬ್ಲಫ್‌ನವರು ಚೆಂಡನ್ನು ಬಲಕ್ಕೆ ತಿರುಗಿಸಿದರು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಬಲಗಡೆ! ಬಲಗಡೆ ಖಾಲಿ ಇದೆ!" ಎಂದು ಕೂಗಿಬಿಟ್ಟೆ.

ಹೊಂಬಾಳಮ್ಮ ತಿರುಗಲಿಲ್ಲ. "ಯಾವಳ್ಲಾ ಅವ್ಳು? ಬಾಯ್ ಮುಚ್ಕಂಡು ನೋಡಾಕ್ ಯೋಳ್ರಲಾ!" ಎಂದಳು. ಗೆರೆಯ ಬಳಿ ಕೂತ ಹುಡುಗರು ನಕ್ಕು ನನ್ನ ಕಡೆ ನೋಡಿದರು.

ಸಾಲು ಬಲಕ್ಕೆ ಸರಿಯಿತು. ನನ್ನ ಮಾತು ಕೇಳಿ ಸರಿಸಿದಳೋ, ತಾನೇ ನೋಡಿದ್ದಳೋ ತಿಳಿಯಲಿಲ್ಲ. ಆದರೆ ಅಗತ್ಯಕ್ಕಿಂತ ಹೆಚ್ಚು ಸರಿದಿದ್ದರು. ಎಡಗಡೆ ಈಗ ಪೂರ್ತಿ ಖಾಲಿ ಬಿದ್ದಿತ್ತು. ಬ್ಲಫ್‌ನ ಹುಡುಗಿಯೊಬ್ಬಳು ಅಲ್ಲಿಗೆ ಓಡತೊಡಗಿದ್ದಳು. ಮೈದಾನದಲ್ಲಿ ನಮ್ಮವರು ಯಾರೂ ಅದನ್ನು ಕಂಡಿರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡು ನೋಡಿದೆ.